ಯಾರಿಗೆ ಯಾರು ಸೆಲ್ಯೂಟ್ ಹೊಡೆಯಬೇಕು

ನಮ್ಮ ಜನ ಮನುಷ್ಯನ ಮಾತಿಗಿಂತ ಅವನ ಬಟ್ಟೆಯನ್ನು ಹೆಚ್ಚು ನಂಬುತ್ತಾರೆ. ಬಿಳಿ ಕೋಟು ಕಂಡರೆ ಕೇಳುವ ಮೊದಲೇ ನಾಲಿಗೆ ಚಾಚುತ್ತಾರೆ, ಕರಿ ಕೋಟು ಕಂಡರೆ ಹೊಲದ ಬದುವಿನ ಜಗಳ ತೆಗೆಯುತ್ತಾರೆ, ಖಾಕಿ ಕಂಡರೆ ಗಾಡಿ ನಿಲ್ಲಿಸಿ ಹೆಲ್ಮೆಟ್ ಹುಡುಕುತ್ತಾರೆ. ಈ ನಂಬಿಕೆಯ ಬಲದಿಂದಲೇ ನಾನು ನಮ್ಮ ಬಳಗದಲ್ಲಿ ಇಷ್ಟು ವರ್ಷ ಸೈನ್ಯದ ವಿಷಯಕ್ಕೆ ದೊಡ್ಡ ತಜ್ಞನಾಗಿ ಬದುಕಿದ್ದೇನೆ. ನಿಜ ಹೇಳಬೇಕೆಂದರೆ ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ದೇಶದ ಗಡಿಯನ್ನು ನಾನು ನೋಡಿರುವುದು ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ, ಅದೂ ಕಡ್ಡಿ ಹಿಡಿದು ತೋರಿಸುವಾಗ. ಆದರೆ ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳುವ ಕೆಲಸವೂ ನನ್ನದೇ ಆಗಿರುವುದರಿಂದ ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ, ಕಲ್ಯಾಣ ಕರ್ನಾಟಕ ಉತ್ಸವ ಎಂದು ವರ್ಷಕ್ಕೆ ಮೂರು ಸಲ ಖಾಕಿ ತೊಟ್ಟು, ಹೆಗಲ ಮೇಲೆ ಎರಡು ನಕ್ಷತ್ರ ಏರಿಸಿಕೊಂಡು, ಬ್ರಹ್ಮಪುರದ ನಮ್ಮ ಓಣಿಯಲ್ಲಿ ಸ್ವಲ್ಪ ನಿಧಾನವಾಗಿಯೇ ಹಾದುಹೋಗುತ್ತೇನೆ. ಎಲ್ಲರೂ ನಕ್ಷತ್ರ ನೋಡುತ್ತಾರೆ. ಅದರ ಕೆಳಗಿನ ಹೊಟ್ಟೆಯನ್ನು ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು ಯಾರೂ ನೋಡುವುದಿಲ್ಲ.

ಈ ನಕ್ಷತ್ರಗಳು ನನ್ನ ಹೆಗಲಿಗೆ ಬಂದದ್ದು ದೇಶಭಕ್ತಿಯಿಂದಲ್ಲ, ಹಿಮ್ಮಡಿ ನೋವಿನಿಂದ. ಹಿಂದೆ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದಾಗ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು ಒಬ್ಬರನ್ನು ಆರಿಸಬೇಕಾಯಿತು. ಎಲ್ಲರೂ ಕಿಟಕಿಯ ಹೊರಗೆ ನೋಡತೊಡಗಿದರು. ಅವರಲ್ಲೆಲ್ಲ ಬೂಟು ಹಾಕಿಕೊಂಡಿದ್ದವನು ನಾನೊಬ್ಬನೇ. ಹಿಮ್ಮಡಿಗೆ ಮೆತ್ತನೆಯ ಬೂಟು ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಪ್ರಿನ್ಸಿಪಾಲರು ನನ್ನ ಕಾಲು ನೋಡಿ, "ನಿಮ್ಮಲ್ಲಿ ಶಿಸ್ತು ಅದರೀ" ಎಂದರು. ತರಬೇತಿಗೆ ಹೋಗಿ ಅರ್ಧದಷ್ಟಾಗಿ ಬಂದೆ. ಆ ಅರ್ಧವನ್ನು ಮತ್ತೆ ತುಂಬಿದವಳು ಕಮಲಾಪುರದ ನಮ್ಮಕ್ಕ. ತಮ್ಮ ಯುದ್ಧದಿಂದ ಬಂದಿದ್ದಾನೆಂಬಂತೆ ಅವಳು ಹೋಳಿಗೆ ಮಾಡಿ ಹಾಕಿದಳು, ನಾನೂ ಯುದ್ಧದಿಂದಲೇ ಬಂದವನಂತೆ ತಿಂದೆ.

ಅಕ್ಕನ ಗಂಡ, ಅಂದರೆ ನಮ್ಮ ಮಾವ, ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಾರೆ. ಆ ಬಾಳೆಯ ರುಚಿ, ಆ ನೆಲದ ಗುಣ ಎಂದು ಅವರು ಶುರುಮಾಡಿದರೆ ನಾವು ಹತ್ತಬೇಕಾದ ಬಸ್ಸು ಹೋಗಿ ಅದರ ಹಿಂದೆ ಬರುವುದೂ ಹೋಗುತ್ತದೆ. ಸೋಮವಾರ ಸೋಮವಾರ ಶರಣಬಸವೇಶ್ವರ ದೇವಸ್ಥಾನಕ್ಕೆ ಬಂದು, ದರ್ಶನ ಮುಗಿಸಿ, ನಮ್ಮ ಮನೆಯಲ್ಲಿ ಉಂಡು, ಒಂದು ಗೊನೆ ಇಟ್ಟು ಹೋಗುವುದು ಅವರ ಪದ್ಧತಿ. ಅವರಿಗೆ ಒಬ್ಬಳೇ ಮಗಳು, ಜಗದೇವಿ. ನಮ್ಮ ಮನೆಯಲ್ಲೇ ಇದ್ದುಕೊಂಡು ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಮಾತು ಕಡಿಮೆ, ಓಟ ಜಾಸ್ತಿ. ಬೆಳಗ್ಗೆ ಎದ್ದು ಕುಸನೂರಿನ ಕಡೆ ಓಡಲು ಹೋಗುತ್ತಿದ್ದಳು. ಹೆಣ್ಣುಮಗಳು ಒಬ್ಬಳೇ ಹೋಗುವುದು ಬೇಡವೆಂದು ಸೋದರಮಾವನಾದ ನಾನು ಜೊತೆಗೆ ಹೋಗುತ್ತಿದ್ದೆ, ಸ್ಕೂಟರಿನ ಮೇಲೆ. ಆಕೆ ಓಡುತ್ತಿದ್ದಳು, ನಾನು ಬೆವರುತ್ತಿದ್ದೆ.

ಒಂದು ದಿನ ಹೀಗೆ ಓಡಿ ಮುಗಿಸಿ, ನೀರು ಕುಡಿದು, ಜಗದೇವಿ ಹೇಳಿದಳು: "ಮಾಮಾ, ಸಿಪಾಯಿ ಭರ್ತಿದು ಬರಿಯೋ ಪರೀಕ್ಷಾ ಪಾಸ್ ಆಗೀನಿ. ಇನ್ನ ಓಟ ಒಂದು ಉಳದದ."

ನನಗೆ ಸ್ಕೂಟರಿನ ಸ್ಟ್ಯಾಂಡ್ ಹಾಕಲು ಕೈ ಬರಲಿಲ್ಲ. ಅಗ್ನಿವೀರ ಭರ್ತಿಗೆ ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳಂತೆ. ತೊಡಕು ಏನೆಂದರೆ ಓಟದ ಪರೀಕ್ಷೆಯೂ ಅವಳ ಡಿಗ್ರಿಯ ಕೊನೆಯ ಪರೀಕ್ಷೆಯೂ ಒಂದೇ ದಿನ ಬಿದ್ದಿದ್ದವು. ಓಡಲು ಹೋದರೆ ಡಿಗ್ರಿ ಈ ವರ್ಷ ತಪ್ಪುತ್ತದೆ. ಡಿಗ್ರಿಗೆ ಕುಳಿತರೆ ಸಿಪಾಯಿಯಾಗುವ ವಯಸ್ಸು ದಾಟುತ್ತದೆ, ಆಮೇಲೆ ಉಳಿಯುವುದು ಆಫೀಸರಾಗುವ ದಾರಿ ಮಾತ್ರ. ಅದಕ್ಕೆ ಡಿಗ್ರಿ ಬೇಕು, ದೇಶದ ಬುದ್ಧಿವಂತ ಮಕ್ಕಳೆಲ್ಲ ಬರೆಯುವ ಪರೀಕ್ಷೆ ಬೇಕು, ಅದಾದ ಮೇಲೆ ದಿನಗಟ್ಟಲೆ ಕೂಡಿಸಿಕೊಂಡು ಮಾಡುವ ಸಂದರ್ಶನ ಬೇಕು. ಒಂದು, ಕೈಗೆ ಬಂದುಬಿಟ್ಟಿರುವ ಕೆಲಸ, ಇನ್ನೊಂದು ಮುಗಿಲಿನಲ್ಲಿರುವ ಕೆಲಸ. ಯಾವುದನ್ನು ಹಿಡಿಯಬೇಕೆಂದು ಆಕೆ ನನ್ನನ್ನು ಕೇಳಿದಳು. ಪಾಪ, ಆಕೆಯೂ ನಮ್ಮ ಬಳಗದವಳೇ, ಬಟ್ಟೆ ನೋಡಿ ಕೇಳಿರಬೇಕು.

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಆಫೀಸರ್" ಎಂದೆ. ಯೋಚಿಸದೆ ಹೇಳಿದ ಮಾತಿಗೆ ಎಷ್ಟು ಗಾಂಭೀರ್ಯ ಬರುತ್ತದೆ ಎಂಬುದು ಪಾಠ ಹೇಳುವವರಿಗೆಲ್ಲ ಗೊತ್ತು. ಸಿಪಾಯಿಯ ಸೋದರಮಾವ ಎನ್ನಿಸಿಕೊಳ್ಳುವುದಕ್ಕೂ ಕ್ಯಾಪ್ಟನ್ನಿನ ಸೋದರಮಾವ ಎನ್ನಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆಯಲ್ಲವೇ. ಮದುವೆಯ ಚಪ್ಪರದಲ್ಲಿ ಯಾರಾದರೂ ಪಕ್ಕದ ಕುರ್ಚಿಗೆ ಬಂದು ಕುಳಿತರೆ ಎರಡನೆಯದನ್ನು ಅವರು ಕೇಳದೆಯೂ ಹೇಳಬಹುದು.

ಅಂದಿನಿಂದ ನಮ್ಮ ಮನೆ ಸೈನ್ಯದ ತರಬೇತಿ ಶಾಲೆಯಾಯಿತು. ಸಂದರ್ಶನಕ್ಕೆ ಹೋದವರು ಊಟ ಮಾಡುವ ರೀತಿಯನ್ನೂ ಗಮನಿಸುತ್ತಾರೆ ಎಂದು ನನಗೆ ಯಾರೋ ಹೇಳಿದ್ದರು. ಯಾರೆಂದು ನೆನಪಿಲ್ಲ, ಬಹುಶಃ ನಾನೇ ಇರಬೇಕು. ಸೂಪರ್ ಮಾರ್ಕೆಟ್ಟಿಗೆ ಹೋಗಿ ಫೋರ್ಕು, ಚಾಕು ತಂದೆ. ಆದರೆ ಮನೆಯಲ್ಲಿದ್ದದ್ದು ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಖಡಕ್ ರೊಟ್ಟಿಯನ್ನು ಫೋರ್ಕಿನಿಂದ ತಿನ್ನಲು ಪ್ರಯತ್ನಿಸಿದವರು ಭೂಮಿಯ ಮೇಲೆ ನಾವೇ ಮೊದಲಿಗರು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ನಾನು ಮಾದರಿ ತೋರಿಸಲು ರೊಟ್ಟಿಯನ್ನು ಎಡಗೈ ಫೋರ್ಕಿನಲ್ಲಿ ಒತ್ತಿ, ಬಲಗೈ ಚಾಕುವಿನಲ್ಲಿ ಕೊಯ್ದೆ. ರೊಟ್ಟಿ ಠಪ್ಪೆಂದು ಒಡೆದು ಒಂದು ಚೂರು ಫ್ರಿಜ್ಜಿನ ಕೆಳಗೆ ಹೋಯಿತು, ಒಂದು ನನ್ನ ಕನ್ನಡಕಕ್ಕೆ ಬಡಿಯಿತು, ಉಳಿದದ್ದು ಹೆಂಡತಿಯ ಪುಂಡಿಪಲ್ಯದಲ್ಲಿ ನೆಟ್ಟಗೆ ನಿಂತಿತು. ಹೆಂಡತಿ ಅದನ್ನು ತೆಗೆಯದೆ ನನ್ನನ್ನೇ ನೋಡಿದಳು. ಜಗದೇವಿ ಫೋರ್ಕನ್ನು ಪಕ್ಕಕ್ಕಿಟ್ಟು, ತನ್ನ ರೊಟ್ಟಿಯ ಮೇಲೆ ಮುಷ್ಟಿಯಿಂದ ಒಂದು ಗುದ್ದು ಗುದ್ದಿ, "ಮಾಮಾ, ಎದುರಿಗಿ ಯಾರ ಅದಾರ ನೋಡಿ ಹತ್ಯಾರ ಆರಿಸ್ಕೋಬೇಕು" ಎಂದು ಹೇಳಿ ಉಣ್ಣತೊಡಗಿದಳು. ಸೈನ್ಯದ ಶಾಲೆಗಳಲ್ಲಿ ಇದನ್ನೇ ತಿಂಗಳುಗಟ್ಟಲೆ ಕಲಿಸುತ್ತಾರೆಂದು ಕಾಣುತ್ತದೆ.

ಇಂಗ್ಲಿಷಿನ ಕತೆಯೂ ಹೀಗೇ ಆಯಿತು. ಬೆಳಗ್ಗೆ ಚಹಾ ಆದ ಮೇಲೆ ಮನೆಯಲ್ಲಿ ಯಾರೂ ಕನ್ನಡ ಮಾತಾಡಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಅದರ ಫಲವಾಗಿ ಮನೆಯಲ್ಲಿ ಅಪೂರ್ವವಾದ ಶಾಂತಿ ನೆಲೆಸಿತು. ಕಲಬುರಗಿಯ ಬೇಸಿಗೆಯಲ್ಲಿ ನಳದಲ್ಲಿ ನೀರು ಬರುವುದೆಂದರೆ ಊರಿಗೆ ಮಂತ್ರಿ ಬಂದಂತೆ, ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಯಾರಿಗೂ ತಿಳಿಯದು. ಒಂದು ದಿನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ನಳ ಬಂದಿದೆ ಎಂಬುದನ್ನು ಇಂಗ್ಲಿಷಿನಲ್ಲಿ ಜೋಡಿಸುವಷ್ಟರಲ್ಲಿ ನಳ ಹೋಗಿತ್ತು. ಆಮೇಲೆ ಅವಳು ನನಗೆ ಹೇಳಿದ್ದೆಲ್ಲ ಶುದ್ಧ ಕನ್ನಡದಲ್ಲಿತ್ತು, ಹುಡುಕಾಟವಿಲ್ಲದೆ ಬಂತು. ಅದೇ ವಾರ ನನ್ನ ಖಾಕಿಗೆ ಇಸ್ತ್ರಿ ಹಾಕುತ್ತ ಅವಳು ಇನ್ನೊಂದು ಮಾತು ಹೇಳಿದಳು. "ಅಲ್ರೀ, ಆಕಿ ಕ್ಯಾಪ್ಟನ್ ಆದ್ರ ಹೆಗಲ ಮ್ಯಾಲ ನಿಮಗಿಂತ ಒಂದು ಚಿಕ್ಕಿ ಜಾಸ್ತಿ ಆಗ್ತದಲ್ಲ. ಆವಾಗ ನೀವೇ ಆಕಿಗಿ ಸೆಲ್ಯೂಟ್ ಹೊಡೀಬೇಕೇನು?" ನಾನು ಅದನ್ನು ಕೇಳಿಸಿಕೊಳ್ಳದವನಂತೆ ಪೇಪರ್ ಓದಿದೆ. ಪೇಪರಿನಲ್ಲಿ ಏನಿತ್ತೆಂದು ಈಗಲೂ ಗೊತ್ತಿಲ್ಲ.

ವಿಷಯ ಕಮಲಾಪುರಕ್ಕೆ ಮುಟ್ಟದೆ ಇರುತ್ತದೆಯೇ. ಭಾನುವಾರ ಎಲ್ಲರೂ ಕೂಡಿ ತೀರ್ಮಾನ ಮಾಡೋಣ ಎಂದು ಮಾವ ಫೋನು ಮಾಡಿದರು. ನಾನೂ ಜಗದೇವಿಯೂ ಹೋದೆವು. ಆಕೆ ಅಡುಗೆಮನೆಗೆ ಹೋದಳು, ಮಾವ ನನ್ನನ್ನು ಹಿಡಿದುಕೊಂಡು ಬಾಳೆಯ ತೋಟಕ್ಕೆ ಹೋದರು. ಗೊನೆಯಿಂದ ಒಂದು ಹಣ್ಣು ಕಿತ್ತು, ತಾವೇ ಸಿಪ್ಪೆ ಸುಲಿದು ಕೈಗೆ ಕೊಟ್ಟರು. ಮಾವ ಸಿಪ್ಪೆ ಸುಲಿದು ಕೊಟ್ಟರೆಂದರೆ ಏನೋ ಕೆಲಸ ಇದೆ ಎಂದರ್ಥ.

"ನೋಡು ಮಾಸ್ತರ, ಬೈಠಕ್ಕಿನಾಗ ನೀ ಆಫೀಸರ್ ಅಂತನೇ ಹೇಳಬೇಕು" ಎಂದರು.

"ಅದನ್ನೇ ಹೇಳಾಕ ಬಂದೀನಿ ಮಾವಾರ. ಆಕಿಗಿ ಆ ಯೋಗ್ಯತಾ ಅದ."

"ಯೋಗ್ಯತಾ ಮಾತು ಬಿಡು. ಸಿಪಾಯಿ ಅಂದ್ರ ಆಕಿ ಆಗೇ ಬಿಡ್ತಾಳ. ಓಟದಾಗ ಆಕಿನ್ನ ಯಾರೂ ಹಿಡಿಯಂಗಿಲ್ಲ. ಆಫೀಸರ್ ಅಂದ್ರ ಆಗಂಗಿಲ್ಲ. ಅದಕ್ಕ ಆಫೀಸರ್ ಅನ್ನು. ಒಮ್ಮಿ ಬರಿಲಿ, ಫೇಲ್ ಆಗ್ಲಿ, ಮನಸಿಗಿ ಸಮಾಧಾನ ಆಗ್ತದ. ಭಾಲ್ಕಿದು ಒಂದು ಸಂಬಂಧ ಬಂದದ, ಅವರಿಗಿ ದೀಪಾವಳಿ ತನ ನಿಂದ್ರಂತ ಹೇಳೀನಿ."

ನಾನು ಇಷ್ಟು ದಿನ ಅಭಿಮಾನದಿಂದ ಹೇಳಿದ ಸಲಹೆಯೂ ಇವರು ಮಗಳನ್ನು ಕಟ್ಟಿಹಾಕಲು ಬೇಕಾಗಿದ್ದ ಹಗ್ಗವೂ ಒಂದೇ ಆಗಿತ್ತು. ದೊಡ್ಡ ಕನಸು ಕಾಣು ಎಂದು ಎಲ್ಲರೂ ಬೆನ್ನು ತಟ್ಟುವುದು ಅದು ನೆರವೇರುವುದಿಲ್ಲ ಎಂಬ ಭರವಸೆಯಿಂದ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಹಣ್ಣು ಮಾತ್ರ ಬಹಳ ಚೆನ್ನಾಗಿತ್ತು, ಅದನ್ನು ಮುಗಿಸಿಯೇ ಸಿಟ್ಟಾದೆ.

ಪಡಸಾಲೆಯಲ್ಲಿ ಬೈಠಕ್ ಸೇರಿತು. ಮಾವ, ಅಕ್ಕ, ಮಾವನ ಕಾಕಾನ ಮಗ ಬಂಡೆಪ್ಪ, ನಾನು. ಬಂಡೆಪ್ಪ ಊರಿನಲ್ಲಿ ಯಾರಿಗೆ ಏನಾದರೂ ಬಸ್ ನಿಲ್ದಾಣದ ಎದುರು ಬ್ಯಾನರ್ ಕಟ್ಟಿಸುವವನು. ಹುಟ್ಟುಹಬ್ಬವಾಗಲಿ, ಸಂಘದ ನಿರ್ದೇಶಕನಾಗಲಿ, ಮೂಲೆಯಲ್ಲಿ ಅವನದೊಂದು ಕೈಮುಗಿದ ಫೋಟೋ ಇರುತ್ತದೆ. ಈ ಸಲವೂ ಸಿದ್ಧನಾಗಿ ಬಂದಿದ್ದ. "ಭಾವಿ ಸೇನಾಧಿಕಾರಿ ಅಂತ ಹಾಕಸ್ತೀನಿ ಮಾಸ್ತರ. ಸಿಪಾಯಿ ಅಂತ ಹಾಕಿದ್ರ ಬ್ಯಾನರಕ್ಕ ತೂಕ ಬರಂಗಿಲ್ಲ" ಎಂದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಸಿಪಾಯಿ ಅಂದ್ರ ನಾಕು ವರ್ಷ ಇಟ್ಕೊಂಡು ಮನಿಗಿ ಕಳಸ್ತಾರಂತಲ್ಲೋ ತಮ್ಮಾ. ನಾಕು ವರ್ಷ ಆದ ಮ್ಯಾಲ ಯಾರು ಮಾಡ್ಕೋತಾರ ಆಕಿಗಿ" ಎಂದಳು. ಜಗದೇವಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಆಕೆಯನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ, ಬೈಠಕ್ ಆಕೆಯದೇ ಅಲ್ಲವೇ.

ನನ್ನ ಸರದಿ ಬಂತು. ನಾನು ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಅಪರೂಪಕ್ಕೆ ಮಾಡುವ ಒಂದು ಧೈರ್ಯದ ಕೆಲಸ ಮಾಡಿದೆ. "ಸಿಪಾಯಿ ಆಗ್ಲಿ ಮಾವಾರ. ಕೈಯಾಗ ಬಂದದ್ದು ಬಿಡಬಾರದು. ಡಿಗ್ರಿ ಮುಂದಿನ ವರ್ಷನೂ ಬರೀಬಹುದು" ಎಂದೆ.

ಮಾವ ತೊಡೆ ತಟ್ಟಿ ನಕ್ಕರು. "ನಿನ್ನ ಹೇಣ್ತಿ ಫೋನಿನಾಗ ಹೇಳ್ಯಾಳ. ಈಕಿ ಆಫೀಸರ್ ಆದ್ರ ನೀ ಸೆಲ್ಯೂಟ್ ಹೊಡೀಬೇಕು, ಸಿಪಾಯಿ ಆದ್ರ ಈಕಿ ನಿನಗ ಹೊಡೀಬೇಕು. ಅದಕ್ಕ ಪಾರ್ಟಿ ಬದಲ್ ಮಾಡಿದಿ ಮಾಸ್ತರ."

ಎಲ್ಲರೂ ನಕ್ಕರು. ಕಣ್ಣೊರೆಸಿಕೊಳ್ಳುತ್ತಿದ್ದ ಅಕ್ಕನೂ ನಕ್ಕಳು. ಇಡೀ ಜನ್ಮದಲ್ಲಿ ಒಂದು ಸಲ ನಿಸ್ವಾರ್ಥವಾಗಿ ಸಲಹೆ ಕೊಟ್ಟರೆ ಹೀಗಾಗುತ್ತದೆ. ಅಲ್ಲ ಮಾವಾರ, ತೋಟದಲ್ಲಿ ನೀವೇ ಹೇಳಿದಿರಲ್ಲ ಎಂದು ಎಲ್ಲರೆದುರು ಬಿಚ್ಚಿಡೋಣವೆಂದರೆ ಹೊಟ್ಟೆಯಲ್ಲಿ ಅವರ ಬಾಳೆಹಣ್ಣು ಇತ್ತು. ಇನ್ನೂ ಒಂದು ಕಷ್ಟ ಇತ್ತು. ಮಾವ ಹೇಳಿದ್ದು ಪೂರ್ತಿ ಸುಳ್ಳೆಂದು ಎದೆ ಮುಟ್ಟಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಆಗ ಬಾಗಿಲಲ್ಲಿದ್ದ ಜಗದೇವಿ ಮೊದಲ ಸಲ ಬಾಯಿ ಬಿಟ್ಟಳು. "ನಾ ಆಫೀಸರ್ ಪರೀಕ್ಷಾನೇ ಬರೀತೀನಿ ಅಪ್ಪಾ."

ನಾನು ಆಕೆಯ ಕಡೆ ನೋಡಿದೆ. ಆಕೆ ನನ್ನ ಕಡೆ ನೋಡಲಿಲ್ಲ.

"ಆದ್ರ ಒಂದು ಮಾತು. ನೇಮದಾಗ ಎಷ್ಟು ಸಲ ಬರೀಲಿಕ್ಕ ಬರ್ತದ, ಅಷ್ಟು ಸಲ ಬರೀತೀನಿ. ಅಲ್ಲಿ ತನ ಮದಿವಿ ಮಾತು ಯಾರೂ ತಗೀಬಾರದು. ಶರಣಬಸಪ್ಪನ ಆಣಿ ಮಾಡಿ ಹೇಳು."

ಮಾವನ ಸಂತೋಷಕ್ಕೆ ಪಾರವೇ ಇರಲಿಲ್ಲ. ಅವರ ಲೆಕ್ಕದಲ್ಲಿ ಪರೀಕ್ಷೆ ಎಂದರೆ ಹತ್ತನೇ ಕ್ಲಾಸಿನದು, ಒಮ್ಮೆ ಬರೆಯುವುದು, ಫೇಲಾದರೆ ಎತ್ತು ಕಾಯುವುದು. ಎದ್ದುನಿಂತು, ಕಲಬುರಗಿಯ ದಿಕ್ಕಿಗೆ ತಿರುಗಿ ಕೈ ಮುಗಿದು, "ಶರಣಬಸಪ್ಪನ ಆಣಿ, ತಗಿಯಂಗಿಲ್ಲ" ಎಂದರು. ನಮ್ಮ ಭಾಗದಲ್ಲಿ ಕಾಗದದ ಮೇಲೆ ಸಹಿ ಹಾಕಿ ಇಲ್ಲವೆನ್ನಬಹುದು, ಆದರೆ ಸೋಮವಾರ ಸೋಮವಾರ ಗುಡಿಗೆ ಹೋಗುವ ಮನುಷ್ಯನಿಗೆ ಈ ಆಣೆ ಮಾಡಿ ತಪ್ಪಿಸಿಕೊಳ್ಳಲಾಗದು. ಬಂಡೆಪ್ಪ ಬ್ಯಾನರಿನ ಅಳತೆ ಹೇಳತೊಡಗಿದ.

ಸಂಜೆಯ ಬಸ್ಸಿನಲ್ಲಿ ನಾವಿಬ್ಬರೂ ಕಲಬುರಗಿಗೆ ಮರಳಿದೆವು. ಕಾಲ ಬಳಿ ಬಾಳೆಯ ಗೊನೆ ಇತ್ತು. ಆ ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಜಗದೇವಿಗೂ ಗೊತ್ತಿತ್ತು. ಮಾವನಿಗೆ ಮಾತ್ರ ಗೊತ್ತಿರಲಿಲ್ಲ.

"ಅಪ್ಪ ತೋಟದಾಗ ಏನಂದ ಅಂತ ನನಗ ಗೊತ್ತದ ಮಾಮಾ. ಅವ್ವಗ ಮೊದಲೇ ಹೇಳಿದ್ದ, ಆಕಿ ನನಗ ಹೇಳ್ಯಾಳ" ಎಂದಳು. "ಸಿಪಾಯಿ ಆಗ್ತೀನಂದ್ರ ಎಲ್ಲಾರೂ ಅಡ್ಡ ನಿಂದರತಿದ್ರು. ಆಫೀಸರ್ ಆಗ್ತೀನಂದ್ರ ಚಪ್ಪಾಳಿ ಹೊಡಿಯಾಕತ್ತಾರ. ಚಪ್ಪಾಳಿ ಹೊಡಿಯೋರ ಕೈ ಖಾಲಿ ಇರಂಗಿಲ್ಲ, ನನ್ನ ಹಿಡೀಲಿಕ್ಕ ಬರಂಗಿಲ್ಲ."

ನನಗೆ ಖುಷಿಯಾಯಿತು, ಆದರೂ ಒಳಗೇನೋ ಚುಚ್ಚುತ್ತಿತ್ತು. "ಆ ಕೆಲಸ ಕೈಯಾಗ ಬಂದಿತ್ತಲ್ಲವ್ವಾ" ಎಂದೆ.

"ಖರೇ ಹೇಳಬೇಕಂದ್ರ ನನಗ ಅದೇ ಬೇಕಾಗಿತ್ತು. ಆದ್ರ ಜಗಳಾಡಿ ಹೋಗಬೇಕಾಗ್ತಿತ್ತು. ನಾಕು ವರ್ಷ ಆದ ಮ್ಯಾಲ ಅವರು ಕಳಿಸಿದ್ರ, ಜಗಳಾಡಿ ಬಿಟ್ಟ ಮನಿಗೇ ತಿರುಗಿ ಬರಬೇಕಲ್ಲ ಮಾಮಾ."

ನಾವು ಹಿರಿಯರು ನಾಲ್ಕು ಜನ ಕೂಡಿ, ಇಡೀ ದಿನ ಕೂತು, ಇಷ್ಟು ದೂರ ಯೋಚಿಸಿರಲಿಲ್ಲ. ಸಿಪಾಯಿಯಾಗಲು ಹುಟ್ಟಿದಂತಿದ್ದ ಹುಡುಗಿ ಆ ಕೆಲಸವನ್ನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಬಿಟ್ಟುಕೊಟ್ಟಿದ್ದಳು. ನಮ್ಮ ಬೈಠಕ್ಕಿನ ಸಾಧನೆ ಅದೊಂದೇ. ಮಾತು ಬದಲಿಸೋಣವೆಂದು, "ಆಫೀಸರೂ ಆಗಲಿಲ್ಲಂದ್ರ ಏನ್ ಮಾಡ್ತಿ?" ಎಂದು ಕೇಳಿದೆ. ಕೇಳಬಾರದಾಗಿತ್ತು.

"ಆಗಲಿಲ್ಲಂದ್ರ ನಿಮ್ಮಂಗ ಮಾಸ್ತರಕಿ ಮಾಡ್ತೀನಿ" ಎಂದಳು. "ವರ್ಷಕ್ಕ ಮೂರು ಸಲನಾದ್ರೂ ಯೂನಿಫಾರ್ಮ್ ಹಾಕ್ಕೋಬಹುದು."

ಹಂಗಿಸುವ ಮಾತಾಗಿದ್ದರೆ ಉತ್ತರ ಕೊಡುತ್ತಿದ್ದೆ. ಆಕೆ ಹಂಗಿಸಿರಲಿಲ್ಲ, ನಿಜವಾಗಿಯೂ ಅದನ್ನು ಕಟ್ಟಕಡೆಯ ದಾರಿಯೆಂದು ಲೆಕ್ಕ ಹಾಕಿ ಇಟ್ಟುಕೊಂಡಿದ್ದಳು. ಕಲಬುರಗಿ ಮುಟ್ಟುವವರೆಗೂ ನಾನು ಬಾಳೆಯ ಗೊನೆ ಹಿಡಿದುಕೊಂಡು ಕೂತೆ.

ಡಿಗ್ರಿ ಮುಗಿಯಿತು. ಮೊದಲ ಸಲ ಬರೆದ ಆಫೀಸರ್ ಪರೀಕ್ಷೆ ಪಾಸಾಗಲಿಲ್ಲ. ಫಲಿತಾಂಶ ಬಂದ ಸೋಮವಾರ ಮಾವ ಎರಡು ಗೊನೆ ತಂದರು, ಮಗಳ ತಲೆ ಸವರಿದರು, ಊಟವಾದ ಮೇಲೆ ಮೆಲ್ಲಗೆ ಭಾಲ್ಕಿ ಎಂದರು. "ಮುಂದಿನ ಪರೀಕ್ಷಾ ಹತ್ರ ಬಂತಪ್ಪಾ" ಎಂದಳು ಜಗದೇವಿ. "ಅದಾದ ಮ್ಯಾಲ ಮತ್ತೊಂದು ಅದ. ಇಪ್ಪತ್ತನಾಕು ದಾಟೋ ತನ ಅದಾವ." ಮಾವ ನನ್ನ ಕಡೆ ನೋಡಿದರು. ನಾನು ಪೇಪರ್ ಓದುತ್ತಿದ್ದೆ. ಅಂದು ಅವರು ದೇವಸ್ಥಾನಕ್ಕೆ ಎರಡನೆಯ ಸಲ ಹೋಗಿ ಬಂದರೆಂದು ಆಮೇಲೆ ತಿಳಿಯಿತು. ಬಂಡೆಪ್ಪನ ಬ್ಯಾನರ್ ಬಿಸಿಲಿಗೆ ಬಣ್ಣ ಹೋಗಿ, ಅದರಲ್ಲಿ ಜಗದೇವಿಯ ಮುಖ ಮಾಸಿ, ಅವನ ಕೈಮುಗಿದ ಫೋಟೋ ಮಾತ್ರ ಸ್ಪಷ್ಟವಾಗಿ ಉಳಿದಿದೆಯಂತೆ.

ನಾನೂ ಸುಮ್ಮನೆ ಕೂತಿಲ್ಲ. ನಮ್ಮ ಬಳಗದಲ್ಲಿ ನನ್ನಂಥವರು ಇನ್ನೊಬ್ಬರಾಗುವುದನ್ನು ತಪ್ಪಿಸಬೇಕಾದ ಹೊಣೆ ನನ್ನದೇ ಅಲ್ಲವೇ. ಬೆಳಗ್ಗೆ ಸ್ಕೂಟರ್ ಬಿಟ್ಟು ಹಿಮ್ಮಡಿ ಎಳೆದುಕೊಂಡು ಆಕೆಯ ಹಿಂದೆ ನಡೆಯುತ್ತೇನೆ. ರೊಟ್ಟಿಯನ್ನು ಮುಷ್ಟಿಯಿಂದಲೇ ಒಡೆಯುತ್ತೇವೆ. ಇಂಗ್ಲಿಷನ್ನು ನಳ ಬಂದು ಹೋದ ಮೇಲೆ ಮಾತಾಡುತ್ತೇವೆ. ಆಕೆ ಎರಡನೆಯ ಸಲದ ಪರೀಕ್ಷೆ ಪಾಸಾಗಿ, ಈಗ ಸಂದರ್ಶನದ ಕರೆಗೆ ಕಾಯುತ್ತಿದ್ದಾಳೆ. ಮಾವ ಈ ಸುದ್ದಿ ಕೇಳಿ ಒಂದು ವಾರ ಬಾಳೆಹಣ್ಣಿನ ಬಗ್ಗೆ ಮಾತೇ ಆಡಲಿಲ್ಲವೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಹೇಳುವಾಗ ನಗುತ್ತಿದ್ದಳು ಎಂದು ನನ್ನ ಅನುಮಾನ.

ಮೊನ್ನೆ ಪೆರೇಡಿಗೆ ಹೊರಟವನು ಖಾಕಿ ತೊಟ್ಟು ಕನ್ನಡಿಯ ಮುಂದೆ ನಿಂತು, ಯಾರೂ ಇಲ್ಲವೆಂದು ಒಂದು ಸೆಲ್ಯೂಟ್ ಹೊಡೆದು ನೋಡಿಕೊಂಡೆ. ಹಿಂದಿನಿಂದ ಜಗದೇವಿಯ ದನಿ ಬಂತು.

"ಮಾಮಾ, ಮೊಣಕೈ ಇನ್ನಾ ಮ್ಯಾಲ ಎತ್ರಿ. ನಾಳಿ ನನಗ ಹಿಂಗ ಹೊಡದ್ರ ನಡಿಯಂಗಿಲ್ಲ."

ನಾನು ಮೊಣಕೈ ಮೇಲೆತ್ತಿದೆ.